ಅಪ್ಪ ಕರೆಯುವವರೆಗೆ

"ಗುರುಗಳೇ, ನಿಮ್ಮ ಮಾತೊಂದನ್ನು ಬಿಟ್ಟು ಇನ್ನಾರ ಮಾತಿಗೂ ಕಿವಿಗೊಡುವುದಿಲ್ಲವೆಂದು ನಿಶ್ಚಯ ಮಾಡಿದ್ದೇನೆ. ನಿನ್ನೆ ಅಡುಗೆಯ ಅಜ್ಜ ಏನೋ ಹೇಳಲು ಬಂದಾಗಲೂ ಕಿವಿ ಮುಚ್ಚಿಕೊಂಡೆ. ಶಿಷ್ಯನಾದವನಿಗೆ ಇಷ್ಟು ಸಾಲದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಒಮ್ಮೆ ನೋಡಿದರು. "ಇವತ್ತು ಕಿವಿ ತೆರೆದಿದೆ ತಾನೆ? ಹಾಗಾದರೆ ಕುಳಿತುಕೋ" ಎಂದು ಕತೆ ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಬಟ್ಟೆಯ ವ್ಯಾಪಾರಿಯಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಮಗ ದೊಡ್ಡವನು, ಮಗಳು ಚಿಕ್ಕವಳು. ವರ್ಷವಿಡೀ ಅಂಗಡಿಯಲ್ಲೇ ಮುಳುಗಿರುತ್ತಿದ್ದ ಅವನಿಗೆ ಮಕ್ಕಳ ಜೊತೆ ನಾಲ್ಕು ದಿನ ಕಳೆಯಲಿಲ್ಲವಲ್ಲ ಎಂಬ ಕೊರಗಿತ್ತು. ಈ ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಡಿಯಾಚೆಯ ಬೆಟ್ಟದ ದೇಶಕ್ಕೆ ಹೋಗಬೇಕು, ಅಲ್ಲಿ ಹೊಳೆಯ ದಡದಲ್ಲಿ ಡೇರೆ ಹಾಕಿಕೊಂಡು ಸುಖವಾಗಿ ಇದ್ದು ಬರಬೇಕು ಎಂದು ಮನಸ್ಸು ಮಾಡಿದ. ಇದರಲ್ಲಿ ವ್ಯಾಪಾರವೂ ಇರಲಿಲ್ಲ, ಹರಕೆಯೂ ಇರಲಿಲ್ಲ. ಮಕ್ಕಳು ನಗಲಿ ಎಂಬುದಷ್ಟೇ ಅವನ ಆಸೆ.

ಅಂಗಡಿಯ ದಪ್ಪ ಬಟ್ಟೆಯನ್ನೇ ಎರಡು ಪದರ ಮಾಡಿ ಡೇರೆ ಹೊಲಿಸಿದ. ನೀರು ಇಳಿಯದಂತೆ ಮೇಣ ತೀಡಿಸಿದ. ಹೆಂಡತಿ ಹುರಿಹಿಟ್ಟು ಬೀಸಿಟ್ಟಳು, ಒಣಶುಂಠಿ ಕುಟ್ಟಿದಳು, ಮಕ್ಕಳಿಗೆ ಬೆಚ್ಚನೆಯ ಕುಲಾವಿ ಹೊಲಿದಳು. ಹಿತ್ತಲಲ್ಲಿ ಡೇರೆ ಎದ್ದು ನಿಂತ ದಿನ ಮಕ್ಕಳನ್ನು ಹಿಡಿಯುವವರೇ ಇರಲಿಲ್ಲ.

ಅಷ್ಟರಲ್ಲಿ ಗಿರಾಕಿಯೊಬ್ಬ ಅಂಗಡಿಗೆ ಬಂದು, ಆ ದೇಶದಲ್ಲಿ ಮಕ್ಕಳನ್ನು ಕದಿಯುವವರಿದ್ದಾರೆ, ಸಿಹಿ ಮಾತಾಡಿ ಕರೆದುಕೊಂಡು ಹೋಗುತ್ತಾರೆ ಎಂದ. ನೀನು ನೋಡಿದ್ದೀಯಾ ಎಂದು ವ್ಯಾಪಾರಿ ಕೇಳಲಿಲ್ಲ. ಬಟ್ಟೆ ಕೊಳ್ಳುವಾಗ ಎಳೆ ಎಳೆ ಬಿಡಿಸಿ ನೋಡುವ ಮನುಷ್ಯ ಈ ಮಾತನ್ನು ಮಾತ್ರ ಬಿಚ್ಚಿ ನೋಡದೆ ಮನೆಗೆ ತಂದ.

ಅಂದಿನಿಂದ ಹಿತ್ತಲಿನ ಆಟ ಪಾಠವಾಯಿತು. ಡೇರೆಯ ಬಾಗಿಲನ್ನು ಒಳಗಿನಿಂದ ಗಂಟು ಹಾಕುವುದನ್ನು ಮಕ್ಕಳಿಗೆ ಕಲಿಸಿದ. "ನಾನು ಹೆಸರು ಹಿಡಿದು ಕರೆಯುವವರೆಗೂ ಗಂಟು ಬಿಚ್ಚಕೂಡದು. ಬೇರೆ ಯಾರು ಕರೆದರೂ ಉಸಿರೆತ್ತಕೂಡದು" ಎಂದ. ಆಮೇಲೆ ಪರೀಕ್ಷೆ ಶುರುವಾಯಿತು. ಪಕ್ಕದ ಮನೆಯವನು ಬಂದು ಕರೆದ. ಅಂಗಡಿಯ ಆಳು ಕರೆದ. ಕೊನೆಗೆ ಹೆತ್ತ ತಾಯಿಯೇ ಕರೆದಳು. ಮಕ್ಕಳು ಹೊರಗೆ ಬರಲಿಲ್ಲ. ವ್ಯಾಪಾರಿಯ ಎದೆ ಉಬ್ಬಿತು.

ಒಂದು ದಿನ ಅಜ್ಜಿಯ ಕೈಗೆ ಎಳ್ಳುಂಡೆ ಕೊಟ್ಟು ಕಳಿಸಿದ. ಅಜ್ಜಿ ಕರೆದಳು. ಮಗಳು ಗಂಟು ಬಿಚ್ಚಿ ಓಡಿಬಂದಳು. ವ್ಯಾಪಾರಿ ಆ ಎಳ್ಳುಂಡೆಗಳನ್ನೆಲ್ಲ ಒಳಗೇ ಕುಳಿತಿದ್ದ ಮಗನಿಗೆ ಕೊಟ್ಟ. "ಅಣ್ಣ ಗೆದ್ದ, ನೀನು ಸೋತೆ" ಎಂದು ಹೇಳಿ ಆ ದಿನವೆಲ್ಲ ಮಗಳ ಜೊತೆ ಮಾತು ಬಿಟ್ಟ. ಅವಳು ಅಪ್ಪನ ಹಿಂದೆ ಹಿಂದೆಯೇ ಸುತ್ತಿ, ಬಿಕ್ಕಿ ಬಿಕ್ಕಿ ಅತ್ತು ಹಾಗೇ ನಿದ್ದೆಹೋದಳು.

ಮುದುಕಿಗೆ ತಡೆಯಲಾಗಲಿಲ್ಲ. "ನಾನು ಕರೆದ್ರೂ ಬರಬಾರ್ದು ಅಂತ ಕಲಿಸ್ತೀಯಲ್ಲೋ. ಅಲ್ಲಿ ನಿನಗೇ ಕರೆಯೋಕಾಗದೆ ಹೋದ್ರೆ ಈ ಮಕ್ಕಳ ಗತಿ ಏನೋ?"

"ನಾನೆಲ್ಲಿ ಹೋಗ್ತೀನಮ್ಮ? ಅವರ ಪಕ್ಕದಲ್ಲೇ ಇರ್ತೀನಲ್ಲ" ಎಂದು ವ್ಯಾಪಾರಿ ನಕ್ಕುಬಿಟ್ಟ.

ಬೇಸಿಗೆ ಬಂತು. ಗಡಿ ದಾಟಿದರು. ಹೊಳೆಯ ದಡದಲ್ಲಿ ಡೇರೆ ಹಾಕಿದರು. ಕೆಲವು ದಿನ ಎಲ್ಲವೂ ಅವನು ಬಯಸಿದಂತೆಯೇ ನಡೆಯಿತು. ಮಕ್ಕಳು ನಕ್ಕರು, ಅವನೂ ನಕ್ಕ.

ಒಂದು ಬೆಳಿಗ್ಗೆ ಮಕ್ಕಳು ಇನ್ನೂ ಮಲಗಿದ್ದರು. ಎಬ್ಬಿಸಿ ಗಂಟು ಹಾಕಿಸಿ, ಗಂಡ ಹೆಂಡತಿ ಮರದ ಸೇತುವೆ ದಾಟಿ ಆಚೆ ದಡದ ಹಳ್ಳಿಗೆ ಹಾಲು ತರಲು ಹೋದರು. ಮೇಲಿನ ಬೆಟ್ಟದಲ್ಲಿ ಮಳೆ ಸುರಿದದ್ದು ಅವರಿಗೆ ತಿಳಿಯದು. ತಿರುಗಿ ಬರುವಷ್ಟರಲ್ಲಿ ಹೊಳೆ ಕೆಂಪಾಗಿ ಉಕ್ಕಿ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಎದುರು ದಡದಲ್ಲಿ ಡೇರೆ ಇನ್ನೂ ನಿಂತಿತ್ತು. ಅದರ ಬಾಗಿಲಲ್ಲಿ ಒಬ್ಬ ಕುರಿಗಾಹಿ ನಿಂತು, ಬಟ್ಟೆಯನ್ನು ಹಿಡಿದೆಳೆಯುತ್ತ ತನ್ನ ಭಾಷೆಯಲ್ಲಿ ಕೂಗುತ್ತಿದ್ದ.

ವ್ಯಾಪಾರಿಗೆ ಮೊದಲು ಅನಿಸಿದ್ದು ಅವನು ಕಳ್ಳನೆಂದು. ಗಂಟು ಬಿಚ್ಚಲಿಲ್ಲವಲ್ಲ ಎಂದು ಒಂದು ಕ್ಷಣ ಅವನಿಗೆ ಸಮಾಧಾನವೂ ಆಯಿತು. ಆಮೇಲೆ ನೀರು ಡೇರೆಯ ಬುಡ ಮುಟ್ಟಿದ್ದನ್ನು ಕಂಡ. ಕುರಿಗಾಹಿ ಯಾಕೆ ಕೂಗುತ್ತಿದ್ದಾನೆಂದು ಆಗ ಅರ್ಥವಾಯಿತು.

ಗಂಟಲು ಹರಿಯುವಂತೆ ಇಬ್ಬರು ಮಕ್ಕಳ ಹೆಸರನ್ನೂ ಕೂಗಿದ. ಪಕ್ಕದಲ್ಲಿದ್ದ ಹೆಂಡತಿಗೇ ಅವನ ದನಿ ಕೇಳಿಸಲಿಲ್ಲ, ಹೊಳೆಯ ಸದ್ದು ಅಂಥದ್ದು. ನೀರಿಗಿಳಿದ. ಹಳ್ಳಿಯವರು ಹಿಂದಕ್ಕೆಳೆದರು.

ಡೇರೆಯ ಬಾಗಿಲು ಸ್ವಲ್ಪ ಸಡಿಲವಾಯಿತು. ಮಗಳು ತೂರಿಕೊಂಡು ಹೊರಗೆ ಬಂದಳು. ಕುರಿಗಾಹಿ ಅವಳನ್ನು ಎತ್ತಿಕೊಂಡು ಓಡಿ ಮೇಲಿನ ಬಂಡೆಯ ಮೇಲೆ ಕೂರಿಸಿ ಮತ್ತೆ ಓಡಿಬಂದ. ಅಷ್ಟರಲ್ಲಿ ಮಗ ಒಳಗಿನಿಂದ ಗಂಟನ್ನು ಮತ್ತೆ ಬಿಗಿದಿದ್ದ. ಕುರಿಗಾಹಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಟ್ಟೆಯನ್ನು ಹಲ್ಲಿನಿಂದಲೂ ಎಳೆದ. ಅದು ಹರಿಯಲಿಲ್ಲ. ವ್ಯಾಪಾರಿ ಅಷ್ಟು ಗಟ್ಟಿಯಾಗಿ ಹೊಲಿಸಿದ್ದ. ಹೊಳೆ ಡೇರೆಯನ್ನು ಗಂಟಿನ ಸಮೇತ ತೆಗೆದುಕೊಂಡು ಹೋಯಿತು.

ಸಂಜೆ ನೀರು ಇಳಿದ ಮೇಲೆ ಹಳ್ಳಿಯವರು ಗಂಡ ಹೆಂಡತಿಯನ್ನು ಹಗ್ಗ ಹಿಡಿಸಿ ದಾಟಿಸಿದರು. ಮಗಳು ಕುರಿಗಾಹಿಯ ಕಂಬಳಿಯಲ್ಲಿ ಮುದುರಿ ಕುಳಿತಿದ್ದಳು. ತಾಯಿ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ಹಿಂದೆ ಬಂದ ಅಪ್ಪನನ್ನು ಕಂಡು ಮಗು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

"ಅಪ್ಪಾ, ನೀನು ಕರೀಲಿಲ್ಲ, ನಾನೇ ಬಂದ್‌ಬಿಟ್ಟೆ. ನನ್ ಜೊತೆ ಮಾತು ಬಿಡಬೇಡ. ಅಣ್ಣ ಬರ್ಲಿಲ್ಲ. ಅವನು ಗೆದ್ದ" ಎಂದಿತು.

ವ್ಯಾಪಾರಿ ಮಗಳ ಎದುರು ಮಂಡಿಯೂರಿದ. ಮಗಳನ್ನು ಹತ್ತಿರ ಕರೆಯಲು ಬಾಯಿ ತೆರೆದ. ಕೂಗಿ ಕೂಗಿ ಒಡೆದುಹೋದ ಗಂಟಲಿನಿಂದ ಅವಳ ಹೆಸರು ಹೊರಡಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: "ಆ ಹುಡುಗ ಮಾಡಿದ ತಪ್ಪಾದರೂ ಏನು, ಗುರುಗಳೇ?"

"ಏನೂ ಇಲ್ಲ, ಅವನು ನಿನಗಿಂತ ಒಳ್ಳೆಯ ಶಿಷ್ಯ."