ಮಡಿಕೆ ಇಲ್ಲದೆ ನೀರು ತಂದ ಹಕ್ಕಿ

ಒಂದಾನೊಂದು ಕಾಲದಲ್ಲಿ, ಅದು ಯಾವ ಕಾಲ ಅಂತ ಕೇಳಬೇಡ ಪುಟ್ಟೀ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಕರೇಕಲ್ಲು ದುರ್ಗ ಅಂತ ಒಂದು ಸೀಮೆ ಇತ್ತಂತೆ. ಅಲ್ಲಿ ದೊರೆಯ ಜೋಳದ ಹೊಲದಲ್ಲಿ ಹಕ್ಕಿ ಕಾಯೋಕೆ ದ್ಯಾಮಿ ಅಂತ ಒಬ್ಬಳು ಹುಡುಗಿ ಇದ್ದಳಂತೆ. ತೆನೆ ಹಾಲುಗಟ್ಟಿದಾಗಿಂದ ಕೊಯ್ಲಾಗೋ ತನಕ ಹೊಲದ ನಡುವೆ ನಾಲ್ಕು ಗೂಟದ ಅಟ್ಟಣೆ ಮೇಲೆ ನಿಂತು, ಕವಣೆ ಬೀಸಿ, ಹೋ ಹೋ ಅಂತ ಕೂಗಿ ಹಕ್ಕಿ ಎಬ್ಬಿಸಬೇಕು. ಅದು ಅವಳಪ್ಪನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಗಳ ಹೊಟ್ಟೆ ತುಂಬ್ತಿದ್ದದ್ದು ಆ ಕವಣೆಯಿಂದಲೇ ಅಂತೆ. ಹೂಂ ಅನ್ನು, ಇಲ್ಲಾಂದ್ರೆ ಕತೆ ಮುಂದಕ್ಕೆ ಹೋಗಲ್ಲ.

ಅಪ್ಪನ ಕಾಲದಿಂದ ಅವರಲ್ಲಿ ಒಂದು ಪದ್ಧತಿ ಇತ್ತಂತೆ. ಬದುವಿನ ಪಕ್ಕದ ಕೊನೇ ಸಾಲಿನ ಕಡೆ ಮಾತ್ರ ಕವಣೆ ಬೀಸಬಾರದು, ಅದು ಹಕ್ಕಿ ಪಾಲು. ಹುಳ ತಿಂದು ಹೊಲ ಉಳಿಸೋದೂ ಅವೇ ತಾನೆ. ಒಂದು ದಿನ ದೊರೆ ಕುದುರೆ ಮೇಲೆ ಬಂದು ನೋಡ್ತಾನೆ, ಗೀಜಗನ ಹಿಂಡು ಕೊನೇ ಸಾಲಲ್ಲಿ ಮದುವೆ ಪಂಕ್ತಿಗೆ ಕೂತ ಹಾಗೆ ಕೂತು ತಿಂತಾ ಇವೆ, ಹುಡುಗಿ ಸುಮ್ಮನೆ ನಿಂತಿದ್ದಾಳೆ. ಸಿಟ್ಟು ನೆತ್ತಿಗೇರಿತಂತೆ. ನನ್ನ ಸೀಮೇಲಿ ದುಡೀದೆ ಉಣ್ಣೋರು ಯಾರೂ ಇಲ್ಲ, ಈ ಹಕ್ಕಿಗಳು ಏನು ಕಡಿದು ಕಟ್ಟೆ ಹಾಕಿವೆ ಅಂತ ಇವಕ್ಕೆ ನನ್ನ ಜೋಳ ಅಂದನಂತೆ.

ದ್ಯಾಮಿಗೆ ಹೆದರಿಕೆ ಅನ್ನೋದೇ ಇಲ್ಲ ನೋಡು. ಬುದ್ಧೀ, ಹಕ್ಕಿಗೆ ಬರೋ ಕೆಲಸ ನಿಮ್ಮ ಅರಮನೆಯವರೆಲ್ಲ ಸೇರಿದ್ರೂ ಬರಲ್ಲ ಅಂದುಬಿಟ್ಟಳಂತೆ. ಕೆಳಗೆ ನಿಂತಿದ್ದ ಅಮ್ಮ ಎದೆ ಹಿಡ್ಕೊಂಡು ಕೂತಳು. ದೊರೆ ನಕ್ಕು, ಹಾಗಾದ್ರೆ ಮೂರು ಕೆಲಸ ತೋರಿಸು, ಮೂರರಲ್ಲೂ ನನ್ನೋರು ಸೋತ್ರೆ ಸಾಲು ನಿಂದು, ಒಂದರಲ್ಲಿ ಗೆದ್ರೂ ಅಮ್ಮ ಮಗಳು ಉಟ್ಟ ಬಟ್ಟೇಲಿ ಸೀಮೆ ಬಿಟ್ಟು ನಡೀಬೇಕು ಅಂದನಂತೆ. ಆಗಲಿ ಬುದ್ಧೀ, ಆದ್ರೆ ಓಲೆ ಕಳಿಸಿದ್ರೆ ಓಡಿ ಬರೋಕೆ ಹಕ್ಕಿ ನಿಮ್ಮ ಆಳಲ್ಲ, ಅವುಗಳ ಕಾಲ ಬಂದಾಗ ನೀವೇ ಬಂದು ನೋಡಬೇಕು ಅಂದಳು.

ಮೊದಲನೇದು ಗೀಜಗ. ಬಾವಿ ಮೇಲೆ ಬಾಗಿದ್ದ ಈಚಲು ಮರದಲ್ಲಿ ಗಂಡು ಗೀಜಗ ಗೂಡು ಕಟ್ತಾ ಇತ್ತು. ದೊರೆ ಸೀಮೆಗೆಲ್ಲ ಬುಟ್ಟಿ ಹೆಣೆಯೋ ಮೇದಾರ ಗಿಡ್ಡಣ್ಣನ್ನ ಕರೆಸಿದ. ಹಕ್ಕಿಗೆ ಕೈ ಇಲ್ಲ, ಅಣ್ಣಂಗೂ ಬೇಡ ಅಂದಳು ದ್ಯಾಮಿ. ಗಿಡ್ಡಣ್ಣನ ಕೈ ಹಿಂದಕ್ಕೆ ಕಟ್ಟಿದ್ರು, ಅವನು ಹಲ್ಲಲ್ಲಿ ಹುಲ್ಲು ಕಚ್ಚಿ ಗಂಟು ಹಾಕೋಕೆ ಹೋಗಿ ತುಟಿ ಕುಯ್ದುಕೊಂಡ. ಹಕ್ಕಿ ಬರೀ ಕೊಕ್ಕಲ್ಲಿ ಎಳೆ ಸೀಳಿ, ಗಂಟು ಹಾಕಿ, ಎಂಟತ್ತು ದಿನದಲ್ಲಿ ಸೋರೆಬುರುಡೆಯಂಥ ಗೂಡು ಇಳಿಬಿಟ್ಟಿತು. ಆಮೇಲೆ ಹೆಣ್ಣು ಬಂತು, ಒಳಗೆ ಹೋಯ್ತು, ಜಗ್ಗಿ ನೋಡ್ತು, ಊಹೂಂ ಅಂತ ಹಾರಿಹೋಯ್ತು. ಗಂಡು ಆ ಗೂಡು ಅಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದಕ್ಕೆ ಹುಲ್ಲು ತಂತು. ಗಿಡ್ಡಣ್ಣ ಬಿದ್ದು ಬಿದ್ದು ನಕ್ಕನಂತೆ. ಬುದ್ಧೀ, ನಾನು ಸೋತೆ, ನನ್ನ ಹೆಂಡ್ತಿ ಬುಟ್ಟಿ ಚೆನ್ನಾಗಿಲ್ಲ ಅಂದ್ರೆ ನಾನು ಮೂರು ದಿನ ಮುಸುಕು ಹಾಕ್ಕೊಂಡು ಮಲಗ್ತೀನಿ, ಇದು ಮಾತೂ ಆಡದೆ ಮತ್ತೆ ಹೆಣೀತಾ ಇದೆ ಅಂದ.

ಎರಡನೇದು ಯುಗಾದಿ ಕಳೆದ ಮೇಲೆ. ದೊರೆಯ ಬೇಟೆಗಾರ ಪಾಲಯ್ಯ ಅಂದ್ರೆ ಬಂಡೆ ಮೇಲಿನ ಓತಿಕ್ಯಾತನ್ನ ಊರಾಚೆಯಿಂದ ಗುರುತಿಸೋ ಕಣ್ಣು ಅವಂದು. ದ್ಯಾಮಿ ಅವನಿಗೊಂದು ಬೋಳು ಹೊಲ ತೋರಿಸಿ, ಇಲ್ಲಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿದೆ, ಮಧ್ಯಾಹ್ನದೊಳಗೆ ಹುಡುಕಣ್ಣಾ ಅಂದಳಂತೆ. ಇದೇನು ಮಹಾ ಅಂತ ಅವನು ಹೊಲಕ್ಕಿಳಿದ. ಆಮೇಲೆ ನೋಡು, ಹಕ್ಕಿ ರೆಕ್ಕೆ ಮುರಿದಿರೋ ಹಾಗೆ ಅದನ್ನ ನೆಲದ ಮೇಲೆ ಎಳೀತಾ ಕುಂಟ್ತಾ ಹೋಯ್ತು. ಪಾಲಯ್ಯ ಮೊಟ್ಟೆ ಮರೆತು ಹಿಡೀತೀನಿ ಅಂತ ಹಿಂದೆ ಹೋದ. ಇನ್ನೇನು ಸಿಕ್ತು, ಇನ್ನೇನು ಸಿಕ್ತು ಅನ್ನೋವಾಗ ಹೊಲ ದಾಟಿಸಿ ಹಳ್ಳ ದಾಟಿಸಿ ಭರ್ರಂತ ಹಾರಿಬಿಡ್ತು. ಒಂದು ಸಲ ಅಲ್ಲ, ಮೂರು ಸಲ. ಮಧ್ಯಾಹ್ನ ದಾಟಿದ ಮೇಲೆ ಮೂರನೇ ಸಲ ಬೆವರು ಒರೆಸ್ಕೊಂಡು ಬಂದು ನಿಂತವನಿಗೆ ದ್ಯಾಮಿ, ಅಣ್ಣಾ, ಕಾಲು ಅಲ್ಲಾಡಿಸಬೇಡ, ಹೆಬ್ಬೆರಳ ಪಕ್ಕ ನೋಡು ಅಂದಳಂತೆ. ಅಲ್ಲೇ ಇದ್ದವು ನಾಲ್ಕೂ, ಮಣ್ಣಿನ ಹೆಂಟೆಗಳ ನಡುವೆ ಹೆಂಟೆಗಳ ಹಾಗೇ.

ಇನ್ನುಳಿದದ್ದು ಮೂರನೇದು, ಅದು ಕಲ್ಲುಗೌಜಲ ಹಕ್ಕೀದು. ಪಾರಿವಾಳದಷ್ಟು ಗಾತ್ರ, ಮಣ್ಣಿನ ಬಣ್ಣ. ಬಿರುಬೇಸಿಗೇಲಿ ಅದು ಎರಡು ಹರದಾರಿ ದೂರದ ಕೆರೆಯಿಂದ ಕಲ್ಲುಬಯಲಲ್ಲಿರೋ ಮರಿಗಳಿಗೆ ಮಡಿಕೆ ಇಲ್ಲದೆ ನೀರು ತರ್ತದೆ ಅಂತ ದ್ಯಾಮಿ ಹೇಳಿಬಿಟ್ಟಿದ್ದಳು. ನೀನು ಕಣ್ಣಾರೆ ನೋಡಿದ್ದೀಯೇನೇ ಅಂತ ಅಮ್ಮ ಕೇಳಿದಳಂತೆ. ಇಲ್ಲಮ್ಮ, ಅಪ್ಪ ಹೇಳಿದ್ದ. ಅಯ್ಯೋ ನಿನ್ನ, ನಿಮ್ಮಪ್ಪ ಹುಲಿ ರಾಗಿಮುದ್ದೆ ತಿಂದದ್ದನ್ನೂ ನೋಡಿದ್ದೆ ಅಂತಿದ್ದ, ಅವನ ಮಾತು ನಂಬಿ ನಮ್ಮ ಅನ್ನಕ್ಕೆ ಕಲ್ಲು ಹಾಕ್ಕೊಂಡೆಯಲ್ಲೇ ಅಂತ ಅಮ್ಮ ಅತ್ತಳು. ಅಪ್ಪ ಬೇರೆ ಏನಾದ್ರೂ ಸುಳ್ಳು ಹೇಳಿರಬಹುದಮ್ಮ, ಹಕ್ಕಿ ವಿಷಯದಲ್ಲಿ ಹೇಳಿಲ್ಲ ಅಂದಳು ದ್ಯಾಮಿ.

ದೊರೆ ಅಂದ್ರೆ ಸುಮ್ನೇನಾ, ಯಾರೂ ಕಳ್ಳಾಟ ಆಡಬಾರದು ಅಂತ, ಆ ಬಯಲಿಗೆ ಮಡಿಕೆ ಚೊಂಬು ಒಂದೂ ತರಕೂಡದು, ನನ್ನ ಬೆಳ್ಳಿ ಹೂಜೀನೂ ಬೇಡ ಅಂತ ಡಂಗೂರ ಹೊಡೆಸಿದನಂತೆ. ಹೊತ್ತು ಹುಟ್ಟೋ ಮೊದಲೇ ನೂರು ಜನ ಹೋಗಿ ಬಂಡೆಗಳ ಹಿಂದೆ ಕೂತರು. ದೊರೆಯ ಓಟಗಾರ ಕೆರೇಲಿ ಕಂಬಳಿ ಅದ್ದಿ, ಹೆಗಲಿಗೆ ಹಾಕ್ಕೊಂಡು ಓಡಿದ. ಹೊತ್ತು ಏರ್ತಾ ಏರ್ತಾ ಬಂಡೆ ಕಾದ ಹೆಂಚಾಯ್ತು. ಓಟಗಾರ ಏದುಸಿರು ಬಿಡ್ತಾ ಬಂದು ಕಂಬಳಿ ಹಿಂಡಿದ್ರೆ ಬಿದ್ದದ್ದು ಒಂದು ತೊಟ್ಟು, ನೆಕ್ಕಿ ನೋಡಿದ್ರೆ ಬರೀ ಬೆವರು. ಅವನು ಸೋತ ಸರಿ, ಹಕ್ಕಿ ಎಲ್ಲಿ? ಎಲ್ಲರೂ ದ್ಯಾಮಿ ಮುಖ ನೋಡಿದ್ರು. ಆಗ ಮೊದಲನೇ ಸಲ ಅವಳಿಗೆ ಭಯ ಆಯ್ತಂತೆ, ಅಪ್ಪಾ, ಇದೊಂದು ನಿಜ ಹೇಳಿದ್ದೆ ತಾನೆ ಅಂತ ಒಳಗೊಳಗೇ ಕೇಳಿದಳಂತೆ.

ಆಗ ಕೆರೆ ಕಡೆಯಿಂದ ಒಂದು ಗಂಡು ಹಕ್ಕಿ ತಗ್ಗಾಗಿ ಹಾರಿ ಬಂತು. ದೂರದಲ್ಲೇ ಇಳಿದು ಆಕಡೆ ಈಕಡೆ ನೋಡಿ ಮೆಲ್ಲಗೆ ನಡೆದು ಬಂತು. ಕಲ್ಲುಗಳ ಸಂದಿಯಿಂದ ಮೂರು ಮರಿ ಓಡಿ ಬಂದವು. ಅಪ್ಪ ಹಕ್ಕಿ ನೆಟ್ಟಗೆ ನಿಂತು ಹೊಟ್ಟೆಯ ಗರಿ ಅಗಲಿಸಿತು, ಕೆರೇಲಿ ಹೊಟ್ಟೆ ಅದ್ದಿ ಗರಿಯೊಳಗೆಲ್ಲ ನೀರು ತುಂಬ್ಕೊಂಡು ಬಂದಿತ್ತಂತೆ ಅದು. ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಮರಿಗಳು ಗರಿಗೆ ಕೊಕ್ಕು ಹಾಕಿ ಚೀಪಿದವು. ದ್ಯಾಮಿ ಗೊಳೋ ಅಂತ ಅತ್ತುಬಿಟ್ಟಳಂತೆ. ಗೆದ್ದದ್ದಕ್ಕಲ್ಲ, ಅಪ್ಪನ ಮಾತು ನಿಜ ಆಯ್ತಲ್ಲ, ಅದಕ್ಕೆ.

ದೊರೆ ಒಣಗಿದ ತುಟಿ ಸವರ್ಕೊಂಡು ಮರಿಗಳ ಕಡೆ ನೋಡಿದನಂತೆ. ಆಮೇಲೆ ಹೇಳಿದನಂತೆ, ನಾನು ದೊರೆ, ಕೈಗೊಬ್ಬ ಕಾಲಿಗೊಬ್ಬ ಆಳು, ಆದ್ರೂ ಇವತ್ತು ನನಗೆ ಗುಟುಕು ನೀರಿಗೂ ಗತಿ ಇಲ್ಲ. ಆ ಮರಿಗಳಿಗೆ ಇರೋದು ಒಬ್ಬ ಅಪ್ಪ, ಅವು ಹೊಟ್ಟೆ ತುಂಬ ಕುಡಿದವು.

ಆಮೇಲೆ ಇನ್ನೇನು, ಆ ಸೀಮೆಯ ಹೊಲಹೊಲದಲ್ಲೂ ಕೊನೇ ಸಾಲು ಹಕ್ಕಿಗೆ ಅಂತ ಅಪ್ಪಣೆ ಆಯ್ತು. ದೊರೆ ಅರಮನೆಗೆ ಬಾ ಅಂದ್ರೆ ದ್ಯಾಮಿ ಹೋಗಲಿಲ್ಲ, ಅದಕ್ಕೆ ಅವನು ಆ ಹೊಲವನ್ನೇ ಅವರಿಗೆ ಬರೆದುಕೊಟ್ಟನಂತೆ. ಅಮ್ಮ ಮಗಳು ತಣ್ಣಗೆ ಉಂಡುಟ್ಟು ಬಾಳಿದರಂತೆ. ಅವರ ಕತೆ ಅಲ್ಲಿಗೆ ಮುಗೀತು, ನೀನು ಇಲ್ಲಿ ಕಣ್ಣು ಮುಚ್ಚು.