ಅಲೆಗೆ ಬೇಕಾದ ಭಾರ

ಹಿನ್ನೀರಿನ ರೆಸಾರ್ಟಿನಲ್ಲಿ ಎಂಟು ವರ್ಷ ಅಡುಗೆ ಮಾಡಿದರೂ ನೀಲವ್ವ ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಕೆಲಸದವರು ಹತ್ತಕೂಡದೆಂದು ಧಣಿಗಳ ಕಟ್ಟಪ್ಪಣೆ. ಕಿಟಕಿಯಲ್ಲಿ ನಿಂತು ಅಲೆ ನೋಡುವುದಷ್ಟೇ ಅವಳ ಪಾಲು. ಗಂಡ ಅದೇ ದೋಣಿಯ ಮೆಕ್ಯಾನಿಕ್.

ಒಂದು ಭಾನುವಾರ ದೋಣಿಯ ಪಂಪು ನೀರೆಳೆಯಲಿಲ್ಲ. ಒಳಗಿನ ತೊಟ್ಟಿಗೆ ನೀರು ತುಂಬಿ ದೋಣಿ ಭಾರವಾದರೇನೇ ಅದರ ಹಿಂದೆ ಅತಿಥಿಗಳು ಹಲಗೆಯ ಮೇಲೆ ನಿಂತು ಜಾರಿ ಆಡುವಷ್ಟು ದೊಡ್ಡ ಅಲೆ ಏಳುವುದು.

“ಹತ್ತು ನಿಮಿಷದಲ್ಲಿ ಭಾರ ತುಂಬಿಸು, ಇಲ್ಲ ಗಂಟುಮೂಟೆ ಕಟ್ಟು!” ಧಣಿಗಳು ನೀಲವ್ವನ ಗಂಡನ ಮೇಲೆ ಗುಡುಗಿದರು.

“ಆಗಲಿ ಧಣಿ, ಅಡುಗೆಮನೆಯವರನ್ನೆಲ್ಲ ಹತ್ತಿಸ್ತೀನಿ. ಭಾರ ಯಾವುದಾದರೇನು?” ಅಂದ ಅವನು.

ಧಣಿಗಳು ಕಾದು ನಿಂತ ಅತಿಥಿಗಳನ್ನು ನೋಡಿ, ಹಲ್ಲು ಕಚ್ಚಿ ತಲೆಯಾಡಿಸಿದರು. ನೀಲವ್ವ ಸಂಜೆಯವರೆಗೂ ದೋಣಿಯಲ್ಲಿ ತೇಲಿದಳು.

ಮನೆಯಲ್ಲಿ ಗಂಡ ಜೇಬಿನಿಂದ ಒದ್ದೆ ಹಲಸಿನೆಲೆ ತೆಗೆದ. “ಪಂಪಿನ ಬಾಯಿಗೆ ಅಡ್ಡ ಬಂದಿದ್ದು ಇದೇ. ಬೆಳಿಗ್ಗೆಯೇ ಕಂಡಿದ್ದೆ.”

“ಬಿಸಾಡಬೇಡಿ,” ಅಂದಳು ನೀಲವ್ವ, “ಮುಂದಿನ ಭಾನುವಾರಕ್ಕೆ ಇರಲಿ.”