ದೊರೆ ಕಾಣದ ಬೆನ್ನು

ಮಠಕ್ಕೆ ಬರುವ ಭಕ್ತರನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಅಡವಯ್ಯ ಕೇಳಿದನು: "ಗುರುಗಳೇ, ನಮ್ಮ ಭಕ್ತರು ನಮಸ್ಕಾರ ಮಾಡಿದ ಕೂಡಲೇ ನಿಮಗೆ ಬೆನ್ನು ತಿರುಗಿಸಿ ಹೊರಟುಬಿಡುತ್ತಾರೆ. ದೊಡ್ಡವರ ಸನ್ನಿಧಿಯಲ್ಲಿ ಹಿಂದಡಿ ಇಡುತ್ತಲೇ ಬಾಗಿಲು ದಾಟುತ್ತಾರಂತೆ. ಇಲ್ಲಿಯೂ ಹಾಗೆ ಮಾಡಿಸಬಾರದೇ?"

"ಮಾಡಿಸೋಣ. ಅದಕ್ಕೆ ಮೊದಲು ಒಂದು ಕತೆ ಕೇಳು" ಎಂದರು ಗುರುಗಳು.

ಬ್ರಿಟಿಷರ ಕಾಲದಲ್ಲಿ ಒಂದು ಪುಟ್ಟ ಸಂಸ್ಥಾನಕ್ಕೆ ಒಬ್ಬ ದೊರೆ ಇದ್ದನು. ದಿನಾ ಬೆಳಿಗ್ಗೆ ತನ್ನ ಅರಮನೆಯಾದ ವಾಡೆಯ ಪಡಸಾಲೆಯಲ್ಲಿ ಕೂತು ಜನರ ಅಹವಾಲು ಕೇಳುತ್ತಿದ್ದನು. ಪಕ್ಕದಲ್ಲೇ ಆಡಳಿತ ನಡೆಸುವ ಕಾರಭಾರಿ ನಿಂತಿರುತ್ತಿದ್ದನು. ಅವನೆದುರಿಗೆ ಅವನ ಮೇಲೆಯೇ ದೂರು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಒಮ್ಮೆ ಒಬ್ಬ ರೈತ ಮಗಳ ಮದುವೆಗೆ ದೊರೆಯನ್ನು ಕರೆಯಲು ಬಂದನು. ನಗುನಗುತ್ತಾ ಎಲೆ ಅಡಿಕೆ ಕೊಟ್ಟು, ಕೈಮುಗಿದು, ತಿರುಗಿ ಹೊರಟನು. ಅಂಗಿಯ ಬೆನ್ನಿಗೆ ರಕ್ತದ ಗೆರೆಗಳು ಅಂಟಿದ್ದವು.

"ನಿಲ್ಲಪಾ. ಬೆನ್ನಿಗೆ ಏನಾಗೇದ?"

"ಏನಿಲ್ರೀ ಧಣಿ" ಎಂದವನೇ ರೈತ ಅತ್ತುಬಿಟ್ಟನು.

ಬಿಟ್ಟಿ ಕೆಲಸಕ್ಕೆ ಬರಲಿಲ್ಲವೆಂದು ಕಾರಭಾರಿ ಅವನನ್ನು ಬಾರಕೋಲಿನಿಂದ ಹೊಡೆಸಿದ್ದನು. ದೊರೆ ತುಂಬಿದ ಸಭೆಯಲ್ಲಿ ಕಾರಭಾರಿಯ ಮಾನ ಹರಾಜು ಹಾಕಿದನು. ಬಾರಕೋಲು ಒಲೆಗೆ ಹೋಯಿತು. ಇಂಗ್ಲಿಷ್ ಬಲ್ಲವನೆಂಬ ಒಂದೇ ಕಾರಣಕ್ಕೆ ಕಾರಭಾರಿಯ ಕೆಲಸ ಉಳಿಯಿತು. ಅಂದಿನಿಂದ ಹೊರಟವರ ಬೆನ್ನು ನೋಡುವುದು ದೊರೆಗೆ ರೂಢಿಯಾಯಿತು. ಕಾರಭಾರಿ ಬಾಲ ಮುದುರಿಕೊಂಡು ಇದ್ದನು.

ಆಮೇಲೆ ಚಕ್ರವರ್ತಿಯ ಪಟ್ಟಾಭಿಷೇಕದ ದರ್ಬಾರಿಗೆ ದೆಹಲಿಯಿಂದ ಕರೆ ಬಂತು. ಸಂಸ್ಥಾನಿಕರೆಲ್ಲ ಸಿಂಹಾಸನದ ಮುಂದೆ ತಲೆಬಾಗಿ, ಬೆನ್ನು ತಿರುಗಿಸದೆ ಹಿಂದಡಿ ಇಡುತ್ತಾ ಸರಿಯಬೇಕೆಂದು ಕಟ್ಟಪ್ಪಣೆ. ದೊರೆಯದು ಭಾರಿ ಮೈ. ಎಡವಿ ಬಿದ್ದರೆ ನಗೆಪಾಟಲು. ಕಾರಭಾರಿಯನ್ನೇ ಚಕ್ರವರ್ತಿಯೆಂದು ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಬಾಗಿ ಬಾಗಿ, ಪಡಸಾಲೆಯ ತುಂಬ ಹಿಂದಕ್ಕೆ ನಡೆದು ಅಭ್ಯಾಸ ಮಾಡಿದನು. ಕಾರಭಾರಿಯೂ ಗಂಭೀರವಾಗಿಯೇ ಕೂತಿದ್ದನು.

ದೆಹಲಿಯಲ್ಲಿ ದೊರೆ ಎಡವಲಿಲ್ಲ. ಹಾಗೆ ಬಾಗಿ ಸರಿದದ್ದಕ್ಕೆ ನಾಚಿಕೆ ಆಗಬೇಕಿತ್ತು, ಆದರೆ ಎದೆಯ ಮೇಲೆ ಪದಕ ಬಂತು, ಹೆಮ್ಮೆಯಾಯಿತು. ಊರಿಗೆ ಮರಳಿದವನೇ, ಇನ್ನು ಮುಂದೆ ತನ್ನೆದುರು ಯಾರೂ ಬೆನ್ನು ತಿರುಗಿಸಕೂಡದೆಂದು ಆಜ್ಞೆ ಮಾಡಿದನು. ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಕಾರಭಾರಿ.

ಮುದುಕಿಯರು ಹೊಸ್ತಿಲಿಗೆ ಎಡವಿದರು, ಬಿದ್ದರು, ಕಡೆಗೆ ಕಲಿತರು. ಈಗ ಬರುವಾಗಲೂ ಮುಖ, ಹೋಗುವಾಗಲೂ ಮುಖ. ಮುಖಗಳೆಲ್ಲ ನಗುತ್ತಿದ್ದವು. ತನ್ನ ಜನ ಸುಖವಾಗಿದ್ದಾರೆಂದು ದೊರೆ ನೆಮ್ಮದಿಯಿಂದ ಉಂಡು ಮಲಗುತ್ತಿದ್ದನು. ಕಾರಭಾರಿ ಹೊಸ ಬಾರಕೋಲು ಮಾಡಿಸಿದನು.

ಒಂದು ಬೆಳಿಗ್ಗೆ ಪಡಸಾಲೆಗೆ ಯಾರೂ ಬರಲಿಲ್ಲ. ದೊರೆ ಮಾಳಿಗೆ ಹತ್ತಿ ನೋಡಿದನು. ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು, ವಾಡೆಯ ಮುಂದೆಯೇ ಹಾದು, ಹೊಳೆಯಾಚೆಯ ಸೀಮೆಗೆ ಗುಳೆ ಹೊರಟಿತ್ತು. ಆ ರೈತ ಅಂಗಿ ಕಳಚಿ ಬಂಡಿಯ ಹಿಂದೆ ನಡೆಯುತ್ತಿದ್ದನು. ಅವನ ಬೆನ್ನಿನಲ್ಲಿ ಹಳೆಯ ಗೆರೆಗಳ ಮೇಲೆ ಹೊಸ ಗೆರೆಗಳಿದ್ದವು. ಮುಂದೆ ನಡೆದವರ ಬರಿ ಬೆನ್ನಿನಲ್ಲಿಯೂ ಇದ್ದವು. ದೊರೆ ಮಾಳಿಗೆಯ ಅಂಚಿಗೆ ಓಡಿ ಬಂದನು. "ನಿಲ್ರಪಾ!" ಎಂದು ಕೂಗಿದನು. ಯಾರೂ ತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. "ಆ ಚಕ್ರವರ್ತಿಯೂ ಹೋದ, ದೊರೆಯೂ ಹೋದ. ಹಿಂದಡಿ ಮಾತ್ರ ಉಳಿದು, ಇಂದು ನಿನ್ನ ಬಾಯಲ್ಲಿ ಮಠದೊಳಕ್ಕೆ ಬಂದಿದೆ" ಎಂದರು.

ಅಡವಯ್ಯ ತಲೆ ತಗ್ಗಿಸಿದನು. ತಿಳಿಯಿತು ಎನ್ನುವಂತೆ ಕೈಮುಗಿದು, ಹಿಂದಡಿ ಇಡುತ್ತಲೇ ಬಾಗಿಲ ಕಡೆಗೆ ಸರಿಯತೊಡಗಿದನು.

"ತಿರುಗಿ ಹೋಗಪ್ಪಾ, ನಿನ್ನ ಬೆನ್ನೂ ನನಗೆ ಕಾಣಬೇಕು."